ಉಕ್ತಲೇಖನದ ಆರು ಅಂಕಗಳು

ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಶಾಲೆಯ ಮೇಲೆ ಪೋಷಕರು ಬೀರುವ ಪ್ರಭಾವದ ಮಾತು ಬಂದಾಗಲೆಲ್ಲ ನನಗೆ 2022ರ ಒಂದು ಕಿರುಪರೀಕ್ಷೆ ನೆನಪಾಗುತ್ತದೆ. ಐದನೆಯ ತರಗತಿಯ ಇಬ್ಬರು ಮಕ್ಕಳು ಉಕ್ತಲೇಖನದಲ್ಲಿ ಒಂದೇ ಬಗೆಯ ತಪ್ಪುಗಳನ್ನು ಮಾಡಿದ್ದರು. ಒತ್ತಕ್ಷರಗಳನ್ನು ಬಿಟ್ಟಿದ್ದರು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿದ್ದರು. ಇಬ್ಬರಿಗೂ 25ಕ್ಕೆ 11 ಅಂಕ ಬಂದಿತ್ತು. ಹುಡುಗನ ತಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಹಣ ಕೊಡುವವರು. ಹುಡುಗಿ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ, ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಮೀಸಲಾದ ಶೇ 25ರ ಸೀಟಿನಲ್ಲಿ ಸೇರಿದವಳು, ಅವಳ ತಂದೆ ಆಟೊ ಓಡಿಸುತ್ತಾರೆ.

ರಾತ್ರಿ ಹತ್ತರ ಹೊತ್ತಿಗೆ ಹುಡುಗನ ತಾಯಿ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಉತ್ತರಪತ್ರಿಕೆಯ ಫೋಟೊ ಹಾಕಿ, "ಕನ್ನಡ ತಾನೇ ಮಿಸ್, ಅದಕ್ಕೆ ಯಾಕಿಷ್ಟು ಸ್ಟ್ರಿಕ್ಟು?" ಎಂದು ಕೇಳಿದ್ದರು. ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದ ನಮ್ಮ ವಿಷಯ ವೇಳಾಪಟ್ಟಿಯಲ್ಲಿ ಗಟ್ಟಿಯಾಗಿ ನಿಂತಿದೆ, ಆದರೆ ಹಲವು ಮನೆಗಳಲ್ಲಿ ಅದಕ್ಕೆ ಆ ಗೌರವ ಇನ್ನೂ ಸಿಕ್ಕಿಲ್ಲ. ಮರುದಿನ ಮೊದಲ ಪೀರಿಯಡ್‌ಗೆ ಮುಂಚೆಯೇ ಕೋಆರ್ಡಿನೇಟರ್ ಕರೆದು, ಮ್ಯಾನೇಜ್‌ಮೆಂಟಿಗೆ ಫೋನ್ ಬಂದಿದೆ, ಪೇಪರನ್ನು ಇನ್ನೊಮ್ಮೆ ನೋಡಿಬಿಡಿ ಎಂದರು. ನಾನು ಆರು ಅಂಕ ಸೇರಿಸಿದೆ. ಹುಡುಗಿಯ ಪತ್ರಿಕೆಯನ್ನು ನೋಡಿ ಎಂದು ಯಾರೂ ಹೇಳಲಿಲ್ಲ; ನಾನೂ ನೋಡಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಎರಡೂ ಪತ್ರಿಕೆಗಳನ್ನು ಹಿಡಿದು ಬಂದು, "ಮಿಸ್, ನಮ್ಮಿಬ್ಬರದೂ ಒಂದೇ ತಪ್ಪಲ್ವಾ?" ಎಂದಳು. ಅವಳಿಗೆ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಆ ದಿನ ನಾನು ಅವಳಿಗೆ ಉತ್ತರ ಕೊಡಲಿಲ್ಲ.

ಪೋಷಕರು ಪ್ರಶ್ನಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ, ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ ಮತ್ತು ಕಲಿಕೆಯ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೇ ಆಗಿದೆ. ಆದರೆ ಪೋಷಕರೇ ಬಹುಪಾಲು ಇರಬೇಕಾದ ಶಾಲಾ ಆಡಳಿತ ಸಮಿತಿಯನ್ನು ಕಡ್ಡಾಯಗೊಳಿಸುವ 21ನೆಯ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎಲ್ಲ ಪೋಷಕರೂ ಸಮಾನವಾಗಿ ಕುಳಿತು ಮಾತನಾಡುವ ಜಾಗವಿಲ್ಲದ ಕಡೆ, ಮ್ಯಾನೇಜ್‌ಮೆಂಟಿನ ಫೋನ್ ನಂಬರ್ ಇರುವವರ ಮಾತು ಮಾತ್ರ ಮೇಲಕ್ಕೆ ಹೋಗುತ್ತದೆ ಮತ್ತು ಅದು ಕೆಳಗಿಳಿದು ಬರುವಾಗ ಶಿಕ್ಷಕಿಗೆ ಆದೇಶವಾಗಿರುತ್ತದೆ. ಇದರಿಂದ ಶಿಕ್ಷಕರ ಮೇಲೆ ಬೀಳುವ ಹೊರೆ ಎಂದರೆ ರಾತ್ರಿಯ ಮೆಸೇಜುಗಳಷ್ಟೇ ಅಲ್ಲ. ಮಗುವಿಗೆ ಅದರ ಕಲಿಕೆಯ ಬಗ್ಗೆ ನಿಜ ಹೇಳಲು ಹೆದರುವ ಸ್ಥಿತಿ ಅದಕ್ಕಿಂತ ಭಾರವಾದದ್ದು.

ಮರುವಾರ ನಾನು ಕೋಆರ್ಡಿನೇಟರ್ ಬಳಿ ಹೋಗಿ, ಮರುಮೌಲ್ಯಮಾಪನ ಮಾಡುವುದಾದರೆ ಇಡೀ ತರಗತಿಗೆ ಮಾಡುತ್ತೇನೆ, ಇಲ್ಲವಾದರೆ ಯಾರಿಗೂ ಇಲ್ಲ ಎಂದು ಲಿಖಿತವಾಗಿ ಕೊಟ್ಟೆ. ಅವರು ಒಪ್ಪಿದರು. ಅಂದಿನಿಂದ ಯಾವ ತಪ್ಪಿಗೆ ಎಷ್ಟು ಅಂಕ ಹೋಗುತ್ತದೆಂಬುದನ್ನು ಪರೀಕ್ಷೆಗೆ ಮೊದಲೇ ಡೈರಿಯಲ್ಲಿ ಬರೆಸುತ್ತೇನೆ, ಅಂಕದ ಪ್ರಶ್ನೆಗೆ ಗ್ರೂಪಿನಲ್ಲಿ ಉತ್ತರಿಸದೆ ಪೋಷಕರನ್ನು ಶಾಲೆಗೇ ಕರೆಯುತ್ತೇನೆ. ಹುಡುಗಿಯ ಪತ್ರಿಕೆಯನ್ನೂ ಹುಡುಗನದನ್ನೂ ಆ ಇಬ್ಬರು ಮಕ್ಕಳ ಎದುರಿಗೇ ಮತ್ತೆ ತಿದ್ದಿದೆ.

ಮುಂದಿನ ಪೋಷಕರ ಸಭೆಯಲ್ಲಿ ಹುಡುಗನ ತಾಯಿ ಅವನ ನೋಟ್‌ಪುಸ್ತಕವನ್ನು ಗಟ್ಟಿಯಾಗಿ ಓದಲು ಪ್ರಯತ್ನಿಸಿ ಮೂರನೆಯ ಸಾಲಿಗೇ ನಿಂತರು. ಅಂಕದ ಮಾತು ಎತ್ತಲಿಲ್ಲ. ಮನೆಯಲ್ಲಿ ದಿನಕ್ಕೆ ಎಷ್ಟು ಸಾಲು ಬರೆಸಬೇಕು ಎಂದು ಕೇಳಿದರು.