ಚಿಗರಿಯಲ್ಲಿ ಬಾರದ ವಾಂತಿ

ನಮ್ಮ ಮಗಳು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಒಂದು ಸಲವೂ ವಾಂತಿ ಮಾಡಿಕೊಂಡವಳಲ್ಲ. ನವನಗರದಲ್ಲಿ ಹತ್ತಿ ಹುಬ್ಬಳ್ಳಿಗೆ ಹೋದರೂ ಅಷ್ಟೇ, ಧಾರವಾಡಕ್ಕೆ ಹೋದರೂ ಅಷ್ಟೇ. ಅದೇ ನಮ್ಮ ಕಾರಿನಲ್ಲಿ ಕೂತರೆ ಉಣಕಲ್ ಕೆರೆ ಬರುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಮೊದಲು ಎರಡು ಆಕಳಿಕೆ, ಆಮೇಲೆ ಬಾಯಿಂದ ಜೊಲ್ಲು, ಮುಖ ಬಿಳಚಿಕೊಳ್ಳುವುದು, ಆಮೇಲೆ ನನ್ನ ಸೀರೆ. ಕಾರು ತೊಳೆಯುವ ಹುಡುಗ ನಮ್ಮನ್ನು ಕಂಡರೆ ‘ಮತ್ತ ಆತೇನ್ರಿ?’ ಎಂದು ಕೇಳುವ ಮಟ್ಟಕ್ಕೆ ಬಂದಿತ್ತು.

ಅತ್ತೆಯವರು ಗದಗಿನ ಬೆಟಗೇರಿಯಲ್ಲಿದ್ದಾರೆ. ತಿಂಗಳಿಗೊಮ್ಮೆ ಹೋಗಲೇಬೇಕು. ಅವರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದಾಗಿತ್ತು. ಲಿಂಬೆಹಣ್ಣು ಮೂಸಿಸಿದೆ, ಅಂಗಿಯೊಳಗೆ ಹೊಟ್ಟೆಗೆ ಪೇಪರ್ ಕಟ್ಟಿದೆ, ಹೊರಡುವಾಗ ದೃಷ್ಟಿ ತೆಗೆದೆ. ಎರಡು ವರ್ಷ ಎರಡು ತಿಂಗಳಿನ ಕೂಸು, ಪೇಪರನ್ನು ಹರಿದು ತಿಂದಿತು. ನಾನು ಸ್ವಂತ ಬುದ್ಧಿಯಿಂದ ಮಾಡಿದ್ದು ಎರಡೇ: ಹೊರಡುವ ಮೊದಲು ‘ಹೊಟ್ಟೆ ಖಾಲಿ ಇರಬಾರದು’ ಎಂದು ಒಂದು ಲೋಟ ಹಾಲು, ಕಾರಿನಲ್ಲಿ ಸುಮ್ಮನಿರಲಿ ಎಂದು ಕೈಗೆ ಮೊಬೈಲು. ಎರಡೂ ತಪ್ಪು ಎಂದು ಮಕ್ಕಳ ಡಾಕ್ಟರು ಮುಂದೆ ಹೇಳಿದರು.

ಡಾಕ್ಟರ ಹತ್ತಿರ ಹೋಗಿದ್ದು ವಾಂತಿಗಲ್ಲ. ಭೈರಿದೇವರಕೊಪ್ಪದ ಹತ್ತಿರ ಎಮ್ಮೆಯೊಂದು ರಸ್ತೆಗಿಳಿಯಿತು. ಧಾರವಾಡದ ಪೇಢೆಗೆ ಹಾಲು ಕೊಡುವ ಪೈಕಿಯದೇ ಇರಬೇಕು, ಗತ್ತು ಹಾಗಿತ್ತು. ಇವರು ಬ್ರೇಕು ಒತ್ತಿದರು. ಕಾರು ನಲವತ್ತರ ಮೇಲೆ ಇರಲಿಲ್ಲ. ಹಿಂದೆ ಕೂತ ನಾನು ಮಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೇನೆ ಅಂದುಕೊಂಡಿದ್ದೆ. ಎಣ್ಣೆ ಹಚ್ಚಿದ ಕೂಸು ಜಾರಿದ ಹಾಗೆ ಜಾರಿ, ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿಯಿತು. ಊದಿದ ಹಣೆ ಎರಡು ದಿನಕ್ಕೆ ಇಳಿಯಿತು. ನನ್ನ ಕೈಯ ಮೇಲಿನ ನಂಬಿಕೆ ಮಾತ್ರ ಅವತ್ತೇ ಹೋಯಿತು.

ಡಾಕ್ಟರು ಹಣೆ ನೋಡಿ, ‘ಕಾರಿಗೆ ಮಕ್ಕಳ ಸೀಟು ತೊಗೋರಿ’ ಎಂದರು. ನಾನು, ‘ವಾಂತಿ ಮಾಡ್ಕೋತಾಳ್ರಿ, ಕಟ್ಟಿ ಹಾಕಿದ್ರ ಇನ್ನೂ ಜಾಸ್ತಿ ಆಗೂದಿಲ್ಲೇನ್ರಿ?’ ಎಂದೆ. ಅವರು ನಕ್ಕು, ‘ಒಳಗಿವಿ ಹೇಳತೈತಿ ಗಾಡಿ ಓಡಾಕತ್ತೈತಿ ಅಂತ. ಕಣ್ಣು ಮೊಬೈಲ್‌ನಾಗ ಇದ್ರ ಅದು ಹೇಳತೈತಿ, ಇಲ್ಲ, ಎಲ್ಲಾ ನಿಂತೈತಿ ಅಂತ. ಇಬ್ಬರ ಜಗಳಾ ಹೊಟ್ಟಿಗೆ ಬರತೈತಿ. ಹೊರಗ ನೋಡೂ ಹಂಗ ಕುಂದರಸ್ರಿ’ ಎಂದರು. ಆಗ ನನಗೆ ಚಿಗರಿ ನೆನಪಾಯಿತು. ಅಲ್ಲಿ ದೊಡ್ಡ ಗಾಜು, ಬಸ್ಸಿಗೆಂದೇ ಬೇರೆ ದಾರಿ, ಅಡ್ಡ ಬರುವ ಆಟೋ ಇಲ್ಲ, ಎಡಬಲ ಹೊಯ್ದಾಟ ಇಲ್ಲ. ನನ್ನ ತೊಡೆಯ ಮೇಲೆ ನಿಂತು ಹೊರಗೆ ನೋಡುತ್ತಲೇ ಇರುತ್ತಾಳೆ. ಕಾರಿನ ಹಿಂದಿನ ಸೀಟಿನಲ್ಲಿ ಅವಳ ಕಣ್ಣು ಕಿಟಕಿಯ ಅಂಚಿಗಿಂತ ಕೆಳಗೆ. ಕಾಣುವುದು ಬಾಗಿಲಿನ ಪ್ಲಾಸ್ಟಿಕ್ಕು ಮತ್ತು ನನ್ನ ಗದ್ದ.

ಇವರಿಗೆ ಇದೆಲ್ಲ ಅತಿಯಾಯಿತು ಅನಿಸಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಕಲಮು ಸೇರಿದೆ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕಟ್ಟದೆ ಕೂರಿಸಿದರೆ ಸಾವಿರ ರೂಪಾಯಿ ದಂಡ ಎಂದು ನಾನು ಓದಿ ಹೇಳಿದೆ. ‘ಚೆನ್ನಮ್ಮ ಸರ್ಕಲ್ಲಿನ್ಯಾಗ ಹೆಲ್ಮೆಟ್ ಕೇಳ್ತಾರ, ಇದನ್ನ ಯಾರು ಕೇಳ್ಯಾರ?’ ಎಂದರು. ಹಣೆಯ ಊತ ತೋರಿಸಿದೆ. ಸುಮ್ಮನಾದರು.

ಒಂದು ಶನಿವಾರ ಹುಬ್ಬಳ್ಳಿಗೆ ಹೊರಟೆವು. ಸೀಟು ಕೊಳ್ಳಲು ಹೋಗುವ ದಾರಿಯಲ್ಲೇ, ವಿದ್ಯಾನಗರದ ಸಿಗ್ನಲ್ಲಿನಲ್ಲಿ, ಮಗಳು ಮುಂಜಾನೆಯ ಉಪ್ಪಿಟ್ಟನ್ನೆಲ್ಲ ಹೊರಹಾಕಿದಳು. ಒದ್ದೆ ಸೆರಗು ಮಡಚಿಕೊಂಡು ಅಂಗಡಿ ಹೊಕ್ಕೆ. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು; ಕೇಳಬೇಕಾದ ಪ್ರಶ್ನೆ ಮೈಮೇಲೇ ಇತ್ತು.

ಮೊದಲನೆಯ ಅಂಗಡಿಯಲ್ಲಿ ಗೋಡೆಯೆತ್ತರ ಡಬ್ಬಿಗಳು. ಕಾರಿನಲ್ಲಿ ಇಟ್ಟು ನೋಡುತ್ತೇವೆ ಎಂದರೆ, ‘ಬಾಕ್ಸ್ ಒಡದ್ರ ವಾಪಸ್ ಇಲ್ರಿ’ ಎಂದರು. ಹಾಗಿದ್ದರೆ ಬೇಡ ಎಂದು ಬಂದೆವು. ಎರಡನೆಯ ಅಂಗಡಿಯ ಹುಡುಗ ಉತ್ಸಾಹಿ. ಸುತ್ತ ತಿರುಗುವ ಒಂದು ಸೀಟನ್ನು ಗಿರಕಿ ಹೊಡೆಸಿ, ‘ಅಕ್ಕಾರ, ಇದ್ರಾಗ ಕುಂತ್ರ ವಾಂತಿನ ಬರೂದಿಲ್ರಿ’ ಎಂದ. ಇವರಿಗೆ ಕಣ್ಣು ಅರಳಿತು. ನನಗೆ ಆ ಗಿರಕಿ ನೋಡಿಯೇ ಹೊಟ್ಟೆ ತೊಳಸಿತು. ನಾನು, ‘ಬಂದ್ರ ಏನ್ ಮಾಡೂದಪಾ? ಈ ಬಟ್ಟಿ ಹೆಂಗ ಬಿಚ್ಚೂದು ತೋರ್ಸು’ ಎಂದೆ.

ಅವನಿಗೆ ಗೊತ್ತಿರಲಿಲ್ಲ. ಪಾಪ, ಯಾರೂ ಕೇಳಿರಲಿಲ್ಲವಂತೆ. ಇಬ್ಬರೂ ಕೂತು ಬಿಚ್ಚಿದೆವು. ಬೆಲ್ಟಿನ ತುದಿ ಹಿಂದಿನಿಂದ ಬಿಚ್ಚಬೇಕು, ತಲೆಯ ದಿಂಬು ತೆಗೆಯಬೇಕು, ಕೊಕ್ಕೆಗಳು ಎಲ್ಲೆಲ್ಲೋ. ಹದಿನೈದು ನಿಮಿಷ. ಬಿಚ್ಚಿದ್ದನ್ನು ಮತ್ತೆ ಹಾಕಲು ಅವನ ಯಜಮಾನರೇ ಬರಬೇಕಾಯಿತು. ರಸ್ತೆ ಬದಿಯಲ್ಲಿ, ಮಳೆಯಲ್ಲಿ, ಅಳುವ ಕೂಸನ್ನು ಹಿಡಿದು ಇದನ್ನು ಮಾಡುವುದು ಕನಸಿನ ಮಾತು. ಅದಕ್ಕೂ ಮೊದಲು ಆ ಸೀಟಿಗೆ ಕಾರಿನಲ್ಲಿ ಐಸೋಫಿಕ್ಸ್ ಕೊಂಡಿ ಬೇಕು, ಅಂದರೆ ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರ ಸಿಕ್ಕಿಸುವ ಕಬ್ಬಿಣದ ಕೊಂಡಿ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ ಕೈ ಹಾಕಿ ತಡಕಾಡಿದೆವು. ನಮ್ಮದು ಹಳೆಯ ಗಾಡಿ. ಕಬ್ಬಿಣದ ಕೊಂಡಿ ಸಿಗಲಿಲ್ಲ, ಎರಡು ಶೇಂಗಾ ಮತ್ತು ಕಳೆದುಹೋಗಿದ್ದ ಕಾಲ್ಗೆಜ್ಜೆ ಸಿಕ್ಕಿತು.

ಹಾಗಾಗಿ ಕಾರಿನ ಬೆಲ್ಟಿನಿಂದಲೇ ಕಟ್ಟುವ ಸೀಟು ನೋಡಬೇಕಾಯಿತು. ಅಂಗಡಿಯ ಹುಡುಗ ತೋರಿಕೆಗೆ ಇಟ್ಟಿದ್ದ ಎರಡನ್ನು ಹೊತ್ತು ಪಾರ್ಕಿಂಗಿಗೆ ತಂದ. ಈ ಉಪಕಾರ ನಾನು ಮರೆಯುವುದಿಲ್ಲ. ಒಂದು ದಪ್ಪ ಮೆತ್ತೆಯದು, ತಲೆಯ ಎರಡೂ ಬದಿಗೆ ಆನೆಕಿವಿಯಂಥ ರೆಕ್ಕೆ. ಮಗಳನ್ನು ಕೂರಿಸಿದರೆ ಬಾವಿಯಲ್ಲಿಳಿದ ಹಾಗೆ ಕಂಡಳು, ಕಿಟಕಿಯೇ ಕಾಣದು. ಅದನ್ನು ಹಿಂದಕ್ಕೆ ಮುಖ ಮಾಡಿ ಕಟ್ಟಲು ಹೋದರೆ ನಮ್ಮ ಕಾರಿನ ಬೆಲ್ಟು ನಾಲ್ಕು ಬೆರಳು ಕಡಿಮೆ ಬಿತ್ತು. ಮನೆಗೆ ತಂದ ಮೇಲೆ ಇದು ಗೊತ್ತಾಗಿದ್ದರೆ? ಇನ್ನೊಂದು ಬೂದುಬಣ್ಣದ ಸಾದಾ ಸೀಟು. ತಳ ಎತ್ತರ, ರೆಕ್ಕೆ ಗಿಡ್ಡ, ಬಟ್ಟೆ ಎಲಾಸ್ಟಿಕ್ಕು ಮತ್ತು ಒತ್ತುಗುಂಡಿಗಳಲ್ಲಿ ನಿಂತಿದ್ದು ಮೂರು ನಿಮಿಷದಲ್ಲಿ ಬಿಚ್ಚಿ ಬಂತು. ಬೆಲ್ಟು ಸಾಕಾಯಿತು. ಇವರು ಎತ್ತರದ ಆಳು, ಡ್ರೈವರ್ ಹಿಂದೆ ಇಟ್ಟರೆ ಅವರ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ. ಅದಕ್ಕೆ ಎಡಗಡೆ ಹಿಂದೆ ಇಟ್ಟು ಮುಂದಿನ ಸೀಟನ್ನು ಪೂರ್ತಿ ಮುಂದೆ ಸರಿಸಿದೆವು. ಬಿಗಿದ ಮೇಲೆ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಇವರು ಮೊಣಕಾಲೂರಿ, ಮೈಭಾರ ಹಾಕಿ ಬಿಗಿದರು. ಬೆವರು ಒರೆಸಿಕೊಂಡು, ‘ಎತ್ತಿನ ಗಾಡಿಗೆ ನೊಗಾ ಕಟ್ಟೂದ ಸುಲಭ’ ಎಂದರು.

ಇನ್ನು ಮುಖ ಯಾವ ಕಡೆಗೆ? ಸೀಟಿನ ಕಿತ್ತಳೆ ಚೀಟಿಯ ಮೇಲೆ ಆರ್44/04 ಎಂದು ಮಕ್ಕಳ ಸೀಟಿನ ಸುರಕ್ಷತಾ ಮಾನದಂಡದ ಗುರುತಿತ್ತು. ಹಿಂದಕ್ಕೆ ಮುಖ ಮಾಡಿ 13 ಕಿಲೋ ವರೆಗೆ, ಮುಂದಕ್ಕೆ ಮುಖ ಮಾಡಿ 9ರಿಂದ 18 ಕಿಲೋ. ನಮ್ಮವಳು 11 ಕಿಲೋ 200 ಗ್ರಾಂ. ಎರಡೂ ಕಡೆಗೆ ಸಲ್ಲುವ ತೂಕ! ಅಂಗಡಿಯವರು ಮುಂದಕ್ಕೆ ಅಂದರು, ಇವರು ಮುಂದಕ್ಕೆ ಅಂದರು, ಗದಗಿನಿಂದ ಫೋನಿನಲ್ಲಿ ಅತ್ತೆಯವರು, ‘ಹಿಂದ್ಮುಂದ ಕುಂದ್ರಿಸಿದ್ರ ದೊಡ್ಡವರಿಗೂ ತಲಿ ತಿರಗತೈತಿ, ಯವ್ವಾ’ ಅಂದರು. ಡಾಕ್ಟರೊಬ್ಬರೇ ಹಿಂದಕ್ಕೆ ಅಂದಿದ್ದರು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕುತ್ತಿಗೆ ಎಳೆಯದು. ಎದುರಿನಿಂದ ಹೊಡೆತ ಬಿದ್ದರೆ ತಲೆ ಕುತ್ತಿಗೆ ಬೆನ್ನು ಮೂರನ್ನೂ ಸೀಟಿನ ಬೆನ್ನೇ ಹಿಡಿಯುತ್ತದೆ. ಮುಂದಕ್ಕೆ ಮುಖವಿದ್ದರೆ ಮೈ ಬೆಲ್ಟಿನಲ್ಲಿ ನಿಂತು ತಲೆಯೊಂದೇ ಮುಂದಕ್ಕೆ ಹಾರುತ್ತದೆ. ಎಮ್ಮೆಯ ದಿನ ನೋಡಿದ್ದೆನಲ್ಲ. ವಾಂತಿಯನ್ನು ತೊಳೆಯಬಹುದು ಎಂದು ನಾನು ಹಟ ಹಿಡಿದೆ. ಹಿಂದಕ್ಕೆ ಮುಖ ಮಾಡಿದರೆ ಬೆಲ್ಟು ನೀಲಿ ಗುರುತಿನ ದಾರಿಯಲ್ಲಿ, ಮುಂದಕ್ಕಾದರೆ ಕೆಂಪು ಗುರುತಿನಲ್ಲಿ. ನೀಲಿಯಲ್ಲಿ ಕಟ್ಟಿದೆವು.

ಒಂದು ಉಪಾಯ ಮಾತ್ರ ನನ್ನದೇ. ಕಾರಿನ ಹಿಂದಿನ ಗಾಜಿಗೆ ಇವರು ಕಪ್ಪು ಜಾಳಿಗೆ ಅಂಟಿಸಿದ್ದರು, ಕೆಳಗಿನ ಹಲಗೆಯ ಮೇಲೆ ಛತ್ರಿ, ಟಿಶ್ಯೂ ಡಬ್ಬಿ, ಎರಡು ತಲೆದಿಂಬು. ಎಲ್ಲ ಕಿತ್ತು ತೆಗೆದೆ. ಹಿಂದಕ್ಕೆ ಮುಖ ಮಾಡಿ ಎತ್ತರದಲ್ಲಿ ಕೂತ ಮಗಳ ಎದುರಿಗೆ ಈಗ ಆ ಇಡೀ ಗಾಜು. ಚಿಗರಿಯ ಗಾಜಿನಷ್ಟಲ್ಲದಿದ್ದರೂ ಅವಳ ಮಟ್ಟಿಗೆ ದೊಡ್ಡದೇ. ಮಲ್ಲಿಗೆ ವಾಸನೆಯ ಸೆಂಟಿನ ಡಬ್ಬಿಯನ್ನೂ ಎಸೆದೆ. ಅದರ ವಾಸನೆಗೆ ನನಗೇ ಓಕರಿಕೆ ಬರುತ್ತಿತ್ತು.

ಮೊದಲ ವಾರ ಬರೀ ಉಣಕಲ್‌ವರೆಗೆ ಹೋಗಿ ಬರುವುದು. ಎರಡು ದಿನ ಚೀರಾಡಿದಳು. ನಾಲ್ಕನೆಯ ದಿನ ಒಂದು ಸಣ್ಣ ವಾಂತಿ. ಬಟ್ಟೆ ಬಿಚ್ಚಿ ತೊಳೆದದ್ದೇನೋ ಸರಿ, ಆಷಾಢದ ಜಿಟಿಜಿಟಿಯಲ್ಲಿ ಅದು ಎರಡು ದಿನ ಒಣಗಲಿಲ್ಲ. ಭುಜದ ಬೆಲ್ಟುಗಳನ್ನೂ ಮಷೀನಿಗೆ ಹಾಕಹೊರಟಿದ್ದೆ. ಪುಸ್ತಕ ತೆರೆದು ನೋಡಿದರೆ ಬೆಲ್ಟನ್ನು ನೆನೆಸಬಾರದು, ಬ್ಲೀಚು ತಾಗಿಸಬಾರದು, ಸೌಮ್ಯ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ನೂಲಿನ ಕಸುವು ಹೋಗುತ್ತದೆ ಎಂದಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶು ತೆಗೆದುಕೊಂಡು ಬೆಲ್ಟಿನ ಮಡಿಕೆಯಿಂದ ಉಪ್ಪಿಟ್ಟಿನ ಸಾಸಿವೆ ಹೆಕ್ಕುತ್ತ ಕೂತೆ.

ಅತ್ತೆಯವರಿಗೆ ಈ ಪಾಡು ತಿಳಿದು ಗದಗಿನಿಂದ ಬರುವವರ ಕೈಯಲ್ಲಿ ಒಂದು ಪುಟ್ಟ ಕೌದಿ ಕಳಿಸಿದರು. ತಮ್ಮ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದು, ಅಂಚಿಗೆ ಕೆಂಪು ದಡಿ. ಸೀಟಿನ ಮೇಲೆ ಹಾಸಿದರೆ ಎಷ್ಟು ಚಂದ ಕಂಡಿತು! ಅದರ ಮೇಲೆ ಮಗಳನ್ನು ಕೂರಿಸಿ ಬೆಲ್ಟು ಬಿಗಿದೆ. ಆಮೇಲೆ ಏನೋ ಅನುಮಾನ ಬಂದು, ಬೆಲ್ಟಿನ ಅಳತೆ ಬದಲಿಸದೆ ಕೌದಿಯನ್ನಷ್ಟೇ ತೆಗೆದು ಮತ್ತೆ ಕಟ್ಟಿದೆ. ಬೆಲ್ಟು ಮತ್ತು ಮಗಳ ಎದೆಯ ನಡುವೆ ನನ್ನ ಮುಷ್ಟಿ ಹೋಯಿತು. ಹೊಡೆತ ಬಿದ್ದಾಗ ಕೌದಿ ಅಮುಕಿಕೊಂಡರೆ ಇಷ್ಟು ಸಡಿಲು. ಭುಜದ ಮೇಲೆ ಬೆಲ್ಟನ್ನು ಚಿವುಟಿದರೆ ಮಡಿಕೆ ಸಿಗಬಾರದು ಎಂಬ ಲೆಕ್ಕ ಎಲ್ಲೋ ಹೋಯಿತು. ಅತ್ತೆಯವರಿಗೆ ಹೇಳುವುದು ಹೇಗೆ ಎಂದು ಒಂದು ದಿನ ಒದ್ದಾಡಿದೆ. ಕೊನೆಗೆ ಹೇಳಿದೆ, ‘ಅತ್ತೀ, ಕೆಳಗ ಹಾಸಾಕ ಬರೂದಿಲ್ರಿ.’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ‘ಆತು ಬಿಡವಾ’ ಎಂದು ಫೋನಿಟ್ಟರು.

ಗದಗಿಗೆ ಹೊರಟದ್ದು ಮುಂದಿನ ಭಾನುವಾರ. ಎಂಟಕ್ಕೆ ಅರ್ಧ ಇಡ್ಲಿ, ಹಾಲಿಲ್ಲ, ಮೊಬೈಲಿಲ್ಲ. ಒಂಬತ್ತಕ್ಕೆ ಹೊರಟೆವು. ನಾನು ಡ್ರೈವರ್ ಹಿಂದೆ, ಮಗಳ ಪಕ್ಕ. ಬೆಲ್ಟು ಬಿಗಿದಾದ ಮೇಲೆ ಕೌದಿಯನ್ನು ಅವಳ ಎದೆಯಿಂದ ಕಾಲಿನವರೆಗೆ ಹೊದಿಸಿದೆ. ಕೆಳಗೆ ಬಾರದ್ದು ಮೇಲೆ ಬರುತ್ತದಲ್ಲ. ಹುಬ್ಬಳ್ಳಿ ದಾಟುವವರೆಗೆ ನಾನೇ ಉಸಿರು ಬಿಗಿಹಿಡಿದಿದ್ದೆ. ಆಮೇಲೆ ನೇರ ರಸ್ತೆ, ಎರಡೂ ಕಡೆ ಎರಿ ಹೊಲ, ಹೆಸರು ಬೆಳೆ ಹಸಿರಾಗಿತ್ತು. ಹಿಂದಿನ ಗಾಜಿನಲ್ಲಿ ಹೊಲ, ಮುಗಿಲು, ದೂರ ಸರಿಯುವ ಲಾರಿ. ಮಗಳು ಪ್ರತಿ ಲಾರಿಗೂ ಟಾಟಾ ಮಾಡಿದಳು. ಅಣ್ಣಿಗೇರಿಗೆ ಇನ್ನೇನು ಬಂದೆವು ಅನ್ನುವಾಗ ಒಂದು ಆಕಳಿಕೆ. ಇನ್ನೊಂದು. ‘ನಿಲ್ಲಸ್ರಿ’ ಎಂದೆ. ಬೇವಿನ ಮರದ ಕೆಳಗೆ ಹತ್ತು ನಿಮಿಷ ಓಡಾಡಿಸಿದೆವು. ಮುಖಕ್ಕೆ ಬಣ್ಣ ಬಂತು.

ಹುಲಕೋಟಿ ದಾಟಿತು. ಗದಗಿನ ಗಾಳಿಯಂತ್ರಗಳು ನಮಗೆ ಮುಂದೆ ಕಂಡು, ಪಕ್ಕಕ್ಕೆ ಸರಿದು, ಆಮೇಲೆ ಅವಳ ಪಾಲಿಗೆ ಬಂದವು. ‘ಫ್ಯಾನು!’ ಎಂದು ಕಿರುಚಿದಳು. ಒಂದೂ ವಾಂತಿ ಇಲ್ಲದೆ ಗದಗ ಮುಟ್ಟಿದೆವು ಎಂದು ಇವರು ಅತ್ತೆಯವರಿಗೆ ಫೋನು ಹಚ್ಚಲು ಹೊರಟರು. ‘ಮುಟ್ಟಿದ ಮ್ಯಾಲ ಹೇಳ್ರಿ’ ಎಂದೆ. ಬಿಂಕದಕಟ್ಟಿ ಹತ್ತಿರ ಸಾಲಾಗಿ ಮೂರು ಉಬ್ಬು. ಮೂರನೆಯದಕ್ಕೆ ಇಡ್ಲಿ ಹೊರಬಂತು.

ಸೀಟಿಗೆ ಒಂದು ಹನಿ ತಾಗಿರಲಿಲ್ಲ. ನಾಲ್ಕೂ ಮೂಲೆ ಕೂಡಿಸಿ ಕೌದಿಯನ್ನು ಗಂಟು ಕಟ್ಟಿ ಚೀಲಕ್ಕೆ ಹಾಕಿದೆ, ಮಗಳ ಬಾಯಿ ಒರೆಸಿದೆ, ಹೊರಟೆವು. ಬೆಟಗೇರಿಯಲ್ಲಿ ಬಾಗಿಲಲ್ಲೇ ನಿಂತಿದ್ದ ಅತ್ತೆಯವರು ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಕಾರಿನೊಳಗೆ ಬಗ್ಗಿ ಸೀಟನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಕೈಯ ಚೀಲ ನೋಡಿದರು, ಮೂಗಿಗೆ ಸೆರಗು ಹಿಡಿದರು.

‘ಇಷ್ಟ ರೊಕ್ಕಾ ಕೊಟ್ಟು ತಂದ್ರಿ. ಕಡೀಕ ವಾಂತಿ ಹಿಡದದ್ದು ನನ್ನ ಕೌದಿನ ಹೌದಲ್ಲೋ?’ ಎಂದು ಮಗನನ್ನು ಕೇಳಿ, ಚೀಲ ಕಸಿದುಕೊಂಡು ಹಿತ್ತಲಿಗೆ ನಡೆದರು. ಸಂಜೆ ನಾವು ತಿರುಗಿ ಹೊರಡುವಾಗ ಅದು ಒಣಗಿರಲಿಲ್ಲ. ಅವರು ಟ್ರಂಕಿನಿಂದ ಇನ್ನೊಂದು ತೆಗೆದು ಕೊಟ್ಟರು.