ಗಿರಿಯ ಏರಿನಲ್ಲಿ ಸ್ಕೀ ಕಲಿಕೆ

ಹಿಮವೇ ಬೀಳದ ಚಿಕ್ಕಮಗಳೂರಿನಲ್ಲಿ ಸ್ಕೀ ಹೇಗೆ ಕಲಿಯೋದು ಅಂತ ನನ್ನ ತಂಗಿಯನ್ನು ಕೇಳುವವರೇ ಜಾಸ್ತಿ. ಕಲಿಯೋದು ಟಾರು ರಸ್ತೆಯ ಮೇಲೆ, ರೋಲರ್ ಸ್ಕೀ ಕಟ್ಟಿಕೊಂಡು.

ಮಳೆ ಬಿಡುವು ಕೊಟ್ಟ ಒಂದು ಮಂಗಳವಾರ ಬೆಳಗ್ಗೆ ಕೈಮರ ದಾಟಿ ಗಿರಿಯ ಏರು ಹಿಡಿದೆವು. ಅವಳು ಮುಂದೆ, ನಾನು ಬೈಕಿನಲ್ಲಿ ಹಿಂದೆ. ಈ ರೋಲರ್ ಸ್ಕೀ ಅಂದ್ರೆ ಸುಮಾರು ಎರಡು ಅಡಿ ಉದ್ದದ ಪಟ್ಟಿ, ಎರಡು ತುದಿಗೂ ಒಂದೊಂದು ರಬ್ಬರ್ ಗಾಲಿ. ಬೂಟಿನ ಮುಂತುದಿ ಮಾತ್ರ ಪಟ್ಟಿಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಅವಳದಕ್ಕೆ ಬ್ರೇಕ್ ಇಲ್ಲ. ಅದಕ್ಕೇ ಹತ್ತೋದಷ್ಟೇ ಅಭ್ಯಾಸ, ಇಳಿಯುವಾಗ ಬೈಕಿನ ಹಿಂದಿನ ಸೀಟು.

ತೋಟದ ಕೆಲಸಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ನಿಂತರು. “ಏನ್ ಮಗಾ ಇದು, ಕಾಲಿಗೆ ಗಾಲಿ ಕಟ್ಕಂಡಿದೀಯ?”

“ಹಿಮದ ಮೇಲೆ ಹೋಗೋ ಆಟ ಅಜ್ಜಿ, ಇಲ್ಲಿ ರೋಡಲ್ಲೇ ಕಲೀತಿದೀನಿ.”

“ಹುಷಾರು ಮಗಾ, ಜೀಪುಗಳು ಜೋರಾಗಿ ಬರ್ತವೆ.”

ತಂಗಿ ಮೂಲತಃ 5,000 ಮೀಟರ್ ಓಟಗಾರ್ತಿ. ಹಾಗಾಗಿ ಏರಿನಲ್ಲಿ ಉಸಿರು ಕೈಕೊಡಲಿಲ್ಲ. ಸೋತಿದ್ದು ತೋಳು. ಅವಳು ಕಲಿಯುತ್ತಿರೋದು ಕ್ರಾಸ್ ಕಂಟ್ರಿ ಸ್ಕೀ, ಅಂದ್ರೆ ಬರೀ ಇಳಿಜಾರಲ್ಲಿ ಜಾರೋದಲ್ಲ, ಹಿಮದ ಮೇಲೆ ದೂರ ಸಾಗೋದು. ಅದರಲ್ಲಿ ಕೋಲು ಊರಿ ಇಡೀ ಮೈಯನ್ನು ಮುಂದಕ್ಕೆ ನೂಕಬೇಕು. ಬೆನ್ನು, ಹೊಟ್ಟೆ, ಭುಜ ಎಲ್ಲಕ್ಕೂ ಕೆಲಸ. ಕೋಲಿನ ಮೊನೆ ಟಾರಿಗೆ ಬಡಿಯುವ ಟಕ್ ಟಕ್ ಸದ್ದು ನಿಧಾನವಾಗುತ್ತಾ ಬಂತು. ತಿರುವಿನಲ್ಲಿ ನಿಂತು ಗ್ಲೌಸ್ ತೆಗೆದಳು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಟೇಪ್ ಸುತ್ತಿಕೊಂಡು ಮತ್ತೆ ಹೊರಟಳು.

“ಒಂದೇ ಆಟ ಹಿಡ್ಕೋ, ಎರಡೂ ಕೆಡುತ್ತೆ” ಅಂತ ಅವಳಿಗೆ ಹೇಳದವರಿಲ್ಲ. ನಾನು ಒಪ್ಪೋದಿಲ್ಲ. ಪೂರ್ವ ಜರ್ಮನಿಯ ಕ್ರಿಸ್ಟಾ ಲೂಡಿಂಗ್ 1988ರಲ್ಲಿ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ಚಿನ್ನ ಗೆದ್ದರು. ಅದೇ ವರ್ಷ ಸಿಯೋಲ್‌ನಲ್ಲಿ ಸೈಕ್ಲಿಂಗ್ ಬೆಳ್ಳಿ. ಸೈಕಲ್ಲಿಗೂ ಸ್ಕೇಟಿಂಗಿಗೂ ಬೇಕಾಗೋದು ಬಗ್ಗಿದ ಬೆನ್ನು, ಗಟ್ಟಿ ತೊಡೆ. ಒಂದರ ದುಡಿಮೆ ಇನ್ನೊಂದಕ್ಕೆ ಆಗಿಬರುತ್ತೆ, ಅಲ್ವಾ? ಹಿಮವಿಲ್ಲದ ಟೊಂಗಾ ದೇಶದ ಪೀಟಾ ಟೌಫಟೋಫುವಾ 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೋ ಆಡಿ, 2018ರಲ್ಲಿ ಪ್ಯೊಂಗ್‌ಚಾಂಗ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರ್ ಸ್ಕೀ ಮುಗಿಸಿದರು. ಅವರೂ ರೋಲರ್ ಸ್ಕೀಯಲ್ಲೇ ಕಲಿತವರು. ಅಷ್ಟು ದೂರ ಯಾಕೆ, ನಮ್ಮದೇ ರಾಜ್ಯದ ಕೊಡಗಿನ ಭವಾನಿ ಇದೇ ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಭಾರತದ ಪರ ಸ್ಪರ್ಧಿಸಿದ್ದಾರೆ. ಅವರ ಹೆಸರು ಹೇಳಿದ ಮೇಲೇ ನಮ್ಮ ಮನೆಯಲ್ಲಿ ಅಮ್ಮ ಒಪ್ಪಿದ್ದು.

ಹಿಮದ ಮೇಲಿನ ಸಮತೋಲನ ಮಾತ್ರ ಹಿಮದಲ್ಲೇ ಬರಬೇಕು. ಅದಕ್ಕೆ ಗುಲ್ಮಾರ್ಗ್‌ಗೆ ಹೋಗಲೇಬೇಕು, ಖರ್ಚೂ ಇದೆ. ಅಲ್ಲಿಯವರೆಗೆ ನಮಗೆ ಬೇಕಿರೋದು ಗುಂಡಿಯಿಲ್ಲದ ಒಂದೆರಡು ಕಿಲೋಮೀಟರ್ ರಸ್ತೆ, ವಾಹನಗಳಿಲ್ಲದ ಒಂದು ಗಂಟೆ. ಆ ದಿನ ವಾಪಸ್ ಬರುವಾಗ ಹಾಲಿನ ಕ್ಯಾನ್ ಹಿಡಿದಿದ್ದ ಹುಡುಗನೊಬ್ಬ, “ಅಕ್ಕಾ, ನಾನೂ ಹಾಕ್ಕೊಂಡು ನೋಡ್ಲಾ?” ಅಂದ. ಬೂಟು ಅವನಿಗೆ ದೊಡ್ಡದಾಯಿತು. ಅವನ ಅಳತೆಯ ಬೂಟು ಎಲ್ಲಿ ಸಿಗುತ್ತೆ ಅಂತ ಈಗ ವಿಚಾರಿಸುತ್ತಿದ್ದೇವೆ.