ಬಾಗಿಲ ಬಳಿಯ ಎರಡು ನಿಮಿಷ

ರೇಡಿಯಾಲಜಿ ಪೋಸ್ಟಿಂಗ್‌ನಲ್ಲಿ ನಮ್ಮ ಬ್ಯಾಚನ್ನು ಒಂದು ವಾರ ನ್ಯೂಕ್ಲಿಯರ್ ಮೆಡಿಸಿನ್‌ಗೆ ಕಳಿಸಿದರು. ವಿಕಿರಣ ಸೂಸುವ ಔಷಧಿ ಮೈಯೊಳಗೆ ಕೊಟ್ಟು ರೋಗ ಹುಡುಕುವ, ಗುಣಪಡಿಸುವ ವಿಭಾಗ ಅದು. ಪರೀಕ್ಷೆಯಲ್ಲಿ ಜಾಸ್ತಿ ಏನೂ ಕೇಳಲ್ಲ ಅಂತ ಸುಮಾರು ಜನ ಲೈಬ್ರರಿ ಸೇರಿದರು. ನಾನು ಉಳಿದೆ.

ಅಲ್ಲಿ ಬೆಳಿಗ್ಗೆಯ ಮೊದಲ ಕೆಲಸ ಹಸು ಕರೆಯುವುದು. ಸೀಸದ ಕವಚದೊಳಗಿನ ಜನರೇಟರನ್ನೇ ಅವರು ಹಸು ಅನ್ನುತ್ತಿದ್ದರು. ಅದರೊಳಗೆ ಮಾಲಿಬ್ಡಿನಮ್-99 ಇರುತ್ತದೆ. 66 ಗಂಟೆಗೆ ಅದು ಅರ್ಧಕ್ಕಿಳಿಯುತ್ತದೆ, ಇಳಿಯುತ್ತಾ ಟೆಕ್ನೀಷಿಯಮ್-99ಎಂ ಕೊಡುತ್ತದೆ. ಸಲೈನ್ ಹಾಯಿಸಿದರೆ ಟೆಕ್ನೀಷಿಯಮ್ ಕರಗಿ ಸೀಸೆಗೆ ಬರುತ್ತದೆ. ಸ್ಕ್ಯಾನಿಗೆ ರೋಗಿಗಳಿಗೆ ಕೊಡುವುದು ಅದನ್ನೇ. ಮಾರನೇ ಬೆಳಿಗ್ಗೆಗೆ ಕೆಚ್ಚಲು ಮತ್ತೆ ತುಂಬಿರುತ್ತದೆ, ಆದರೆ ದಿನದಿಂದ ದಿನಕ್ಕೆ ಹಾಲು ಕಮ್ಮಿ. ಕೊಟ್ಟಿಗೆ ಇದ್ದ ಮನೆಯಲ್ಲಿ ಬೆಳೆದ ನನಗೆ ಆ ಲೆಕ್ಕ ಆವತ್ತೇ ತಲೆಗೆ ಹತ್ತಿತು. ಕರೆದದ್ದೂ 6 ಗಂಟೆಗೆ ಅರ್ಧವಾಗುತ್ತದೆ. ಹಾಗಾಗಿ ಅಲ್ಲಿ ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಒಂದು ದಿನ ಆ ವಿಭಾಗದ ಡಾಕ್ಟರ್ ಮೇಡಂ ಒಬ್ಬ ರೋಗಿಯ ಬೆನ್ನಿನ ಎಕ್ಸ್‌ರೇ ತೋರಿಸಿದರು. ನಮಗೇನೂ ಕಾಣಲಿಲ್ಲ. ಪಕ್ಕದಲ್ಲೇ ಅದೇ ರೋಗಿಯ ಬೋನ್ ಸ್ಕ್ಯಾನ್, ಅಂದರೆ ಟೆಕ್ನೀಷಿಯಮ್ ಕೊಟ್ಟು ತೆಗೆದ ಮೂಳೆಯ ಚಿತ್ರ, ಇಟ್ಟರು. ಎರಡು ಕಡೆ ಕಪ್ಪಾಗಿ ಎದ್ದು ಕಾಣುತ್ತಿತ್ತು. "ಅದು ಮೂಳೆ ಹೇಗಿದೆ ಅಂತ ಹೇಳುತ್ತೆ. ಇದು ಮೂಳೆ ಏನು ಮಾಡ್ತಿದೆ ಅಂತ ಹೇಳುತ್ತೆ" ಅಂದರು. ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುವುದು.

ಆದರೆ ಆ ವಾರ ಅಂದರೆ ನನಗೆ ಮೊದಲು ನೆನಪಾಗುವುದು ಅಯೋಡಿನ್ ವಾರ್ಡು. ಮಲೆನಾಡಿನ ಕಡೆಯ ಒಬ್ಬ ತಾಯಿ ಅಲ್ಲಿದ್ದರು. ಥೈರಾಯ್ಡ್ ಕ್ಯಾನ್ಸರ್, ಆಪರೇಷನ್ ಆಗಿತ್ತು. ವಿಕಿರಣ ಸೂಸುವ ಅಯೋಡಿನ್-131 ಮಾತ್ರೆ ನುಂಗಿಸಿದ್ದರು. ಥೈರಾಯ್ಡ್ ಜೀವಕೋಶ ಎಲ್ಲಿ ಉಳಿದಿದ್ದರೂ ಅಯೋಡಿನ್ ಎಳೆದುಕೊಳ್ಳುತ್ತದೆ. ಜೊತೆಗೆ ಬಂದ ವಿಕಿರಣ ಒಂದೆರಡು ಮಿಲಿಮೀಟರ್ ದೂರದೊಳಗೇ ಅದನ್ನು ಸುಡುತ್ತದೆ. ಆದರೆ ಆ ಅಯೋಡಿನ್ ಸೂಸುವ ಇನ್ನೊಂದು ಬಗೆಯ ವಿಕಿರಣ, ಗಾಮಾ ಕಿರಣ, ಮೈಯಿಂದ ಹೊರಗೂ ಬರುತ್ತದೆ. ಅದಕ್ಕೇ ಒಂಟಿ ಕೋಣೆ. ಮನೆಯಲ್ಲಿ ಎರಡು ವರ್ಷದ ಮಗು.

ಅವರ ಹತ್ತಿರ ಜಾಸ್ತಿ ಹೊತ್ತು ನಿಲ್ಲುವಂತಿಲ್ಲ. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ನಾವು ಓದಿದ್ದೆವು. ಮೇಡಂ ರಿಪೋರ್ಟು, ಮಾತ್ರೆ, ಊಟದ ವಿಚಾರವನ್ನೆಲ್ಲ ಕಾರಿಡಾರಿನಲ್ಲೇ ನಮ್ಮ ಜೊತೆ ಮುಗಿಸಿಬಿಡುತ್ತಿದ್ದರು. ಆಮೇಲೆ ಬಾಗಿಲಿಗೆ ಹೋಗುತ್ತಿದ್ದರು. ಅಲ್ಲಿನ ಎರಡು ನಿಮಿಷ ಪೂರ್ತಿ ಆ ತಾಯಿಗೆ. ಕೈಯಲ್ಲಿ ಫೈಲಿಲ್ಲ, ವಾಚು ನೋಡುವುದಿಲ್ಲ. "ನಿದ್ದೆ ಬಂತೇನಮ್ಮ? ಮಗು ಫೋನಲ್ಲಿ ಏನಂತು?"

ಮೂರನೇ ದಿನ ಮೀಟರ್ ಹಿಡಿದು ನೋಡಿ, ಮನೆಗೆ ಹೋಗಬಹುದು ಅಂದರು. ಆ ತಾಯಿ ಕೇಳಿದ್ದು ಒಂದೇ. "ಮಗೂನ ಯಾವಾಗ ಎತ್ಕೋಬಹುದು ಡಾಕ್ಟ್ರೇ?"

ಮೇಡಂ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ತಾರೀಕು ಬರೆದುಕೊಟ್ಟರು. ಅವರು ಅದನ್ನು ಎರಡು ಸಲ ಓದಿ, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.